ಒಂದೇ ಗಡಿಗೆ, ಎರಡು ಹಸಿವು

ಮೂವತ್ತೈದನೆಯ ವಯಸ್ಸಿಗೆ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ‘ನಿವೃತ್ತ ಜೀವನ ಸುಖಕರವಾಗಿರಲಿ’ ಎಂದು ಮೈಕಿನಲ್ಲಿ ಹೇಳಿ ಕಳುಹಿಸಿದರು. ಕೆಲಸ ಹೋದವಳನ್ನು ನಿವೃತ್ತಳು ಎನ್ನುವುದು ಸೌಜನ್ಯವಲ್ಲ, ಜಾಣತನ. ಇರಲಿ, ಆ ಶಬ್ದವನ್ನೇ ಇಟ್ಟುಕೊಳ್ಳುತ್ತೇನೆ. ನಿವೃತ್ತರಾದವರಿಗೆ ಅನುಭವ ಬರೆಯುವ ಹಕ್ಕು ಬರುತ್ತದಂತೆ.

ನಾನು ಒಂಬತ್ತು ವರ್ಷ ದುಡಿದದ್ದು ಒಂದು ಖಾಸಗಿ ಸೇವಾ ಸಂಸ್ಥೆಯಲ್ಲಿ. ಅದು ಈಗ ಬಾಗಿಲು ಹಾಕಿದೆ, ಹೆಸರು ಬೇಡ. ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವ ಆಹಾರ ಸಲಹೆಗಾರ್ತಿ ನಾನು. ಸೋಮವಾರ ಹಾನಗಲ್ಲ, ಮಂಗಳವಾರ ಶಿಗ್ಗಾವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ಎಲ್ಲ ಕಡೆ ಒಂದು ಬಾಡಿಗೆ ಕೋಣೆ, ಒಂದು ಮೇಜು, ತೂಕದ ಯಂತ್ರ, ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರ. ಶುಕ್ರವಾರ ಮೇಲಿನವರ ಮುಂದೆ ಮೀಟಿಂಗು.

ಈಗ ಇನ್ನೊಂದು ಸಂಸ್ಥೆ ಇದೇ ಕೆಲಸಕ್ಕೆ ಇಬ್ಬರು ಹುಡುಗಿಯರನ್ನು ತೆಗೆದುಕೊಂಡಿದೆ. ಅವರು ಮನೆಗೆ ಬಂದು, ‘ಅಕ್ಕಾರ, ಕೆಲಸ ಹೆಂಗಿರ್ತೈತಿ, ಒಂಚೂರು ಹೇಳ್ರಿ’ ಎಂದರು. ಚಹಾ ಆರುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಂದ ಪ್ರಮಾಣಪತ್ರಗಳು ಅಟ್ಟದ ಮೇಲಿವೆ, ಅಲ್ಲೇ ಇರಲಿ. ಬರೆಯಬೇಕಾದದ್ದು ಅಕ್ಕಿಆಲೂರಿನ ಒಬ್ಬ ಹೆಂಗಸಿನ ಕಣ್ಣಿನ ಬಗ್ಗೆ, ಮತ್ತು ನಾನು ಅವರ ಕಾರ್ಡಿನ ಮೇಲೆ ಬರೆದ ಎರಡು ಶಬ್ದಗಳ ಬಗ್ಗೆ.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಪರವೋ ವಿರೋಧವೋ ಎಂದು ಚೀಟಿ ಎತ್ತಬೇಕು, ಹತ್ತು ನಿಮಿಷದಲ್ಲಿ ತಯಾರಾಗಬೇಕು, ಎದುರಿನವರ ಬಾಯಿ ಮುಚ್ಚಿಸಬೇಕು. ನಾನು ಮುಚ್ಚಿಸುತ್ತಿದ್ದೆ. ಯಾವ ಮಾತನ್ನೂ ಆಧಾರ ಕೇಳದೆ ನಂಬಬಾರದು ಎಂದು ಅಲ್ಲಿ ಕಲಿತೆ. ನನ್ನದೇ ಮಾತಿಗೂ ಆಧಾರ ಕೇಳಬೇಕು ಎಂದು ಅಲ್ಲಿ ಯಾರೂ ಕಲಿಸಲಿಲ್ಲ.

ಸಂಸ್ಥೆ ನಮಗೆ ಒಂದು ಹಾಳೆ ಅಚ್ಚು ಹಾಕಿಸಿ ಕೊಟ್ಟಿತ್ತು. ಬೆಳಿಗ್ಗೆ ಒಂದು ಬಟ್ಟಲು ಮೊಳಕೆ ಕಾಳು. ಹನ್ನೊಂದಕ್ಕೆ ಸೌತೆಕಾಯಿ. ಮಧ್ಯಾಹ್ನ ಒಂದು ರೊಟ್ಟಿ, ಒಂದು ಬಟ್ಟಲು ಬೇಳೆ, ಪಲ್ಯ. ಸಂಜೆಯ ಊಟವೂ ಹಾಗೆಯೇ. ಅನ್ನದ ಚಿತ್ರದ ಮೇಲೆ ಕೆಂಪು ಅಡ್ಡಗೆರೆ. ಹಾಳೆಯ ಹಿಂದಿನ ತರ್ಕ ಸುಳ್ಳಲ್ಲ. ಪಿಷ್ಟ ಬೇಗ ಕರಗಿ ಸಕ್ಕರೆ ಏರಿಸುತ್ತದೆ, ಪ್ರೋಟೀನ್ ಹೊಟ್ಟೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ನಾರು ಜಾಗ ತುಂಬುತ್ತದೆ, ಜಿಡ್ಡು ನಿಧಾನ ಇಳಿಯುತ್ತದೆ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಪುಸ್ತಕ ಹೇಳುವುದು ಸರಾಸರಿಯನ್ನು. ನೂರು ಜನರಿಗೆ ಉಣಿಸಿ, ನೂರು ಹಸಿವು ಕೂಡಿಸಿ, ಭಾಗಿಸಿ ಬಂದ ಒಬ್ಬ ಮನುಷ್ಯನ ಮಾತು ಅದು. ಒಂಬತ್ತು ವರ್ಷದಲ್ಲಿ ಆ ಸರಾಸರಿ ಮನುಷ್ಯ ನನ್ನ ಮೇಜಿನ ಮುಂದೆ ಒಮ್ಮೆಯೂ ಬಂದು ಕೂರಲಿಲ್ಲ. ಬಂದವರು ಬೇರೆ.

ಹಾಳೆಯ ಜೊತೆಗೆ ಒಂದು ಕಾರ್ಡು. ಅದರಲ್ಲಿ ‘ಹೊಟ್ಟೆ ತುಂಬಿತೇ?’ ಎಂದು ಕೇಳಿ ಒಂದರಿಂದ ಐದರವರೆಗೆ ಅಂಕ ಹಾಕುವ ಖಾನೆ. ಈ ಖಾನೆ ಮಾಡಿದವರು ನಮ್ಮ ಸಂಯೋಜಕರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ, ಓದಿಕೊಂಡವರು, ಕಾಯಿಲೆಯವರನ್ನು ಗದರಿಸುವ ಡಾಕ್ಟರರನ್ನು ಅವರೇ ಗದರಿಸಿದ್ದನ್ನು ಕಂಡಿದ್ದೇನೆ. ಆದರೆ ಅವರಿಗೆ ಅಚ್ಚಾದದ್ದರ ಮೇಲೆ ಇದ್ದ ಭಕ್ತಿ ಮನುಷ್ಯರ ಮೇಲೆ ಇರಲಿಲ್ಲ.

ಸವಣೂರಿನಲ್ಲಿ ಇಮಾಮಸಾಬ ಎಂಬ ಹಿರಿಯರು ಬರುತ್ತಿದ್ದರು. ಎಲೆಬಳ್ಳಿ ತೋಟ ಇಟ್ಟವರು. ಹೆಂಡತಿ ಯಾವಾಗಲೂ ಹಿಂದೆ ಕೂತಿರುತ್ತಿದ್ದರು.

‘ಚಾಚಾ, ಹಾಳ್ಯಾಗ ಇದ್ದಂಗ ಉಂಡ್ರಿ?’

‘ಉಂಡೆ, ಬೇಟಿ.’

‘ಹೊಟ್ಟಿ ತುಂಬ್ತೇನ್ರಿ? ಐದರಾಗ ಎಷ್ಟು?’

‘ಐದ ಬರ್ಕೊ. ನೀ ಇಷ್ಟ ಕಾಳಜಿ ಮಾಡ್ತಿ, ತುಂಬದ ಏನ್ ಮಾಡ್ತೈತಿ?’

ಹಿಂದಿನಿಂದ ಹೆಂಡತಿ ಅಂದರು: ‘ಐದಂತ ಐದು. ಇಲ್ಲಿಂದ ಎದ್ದವರು ಸೀದಾ ಸೇವು-ಖಾರಾ ಕರಿಯೂ ಅಂಗಡಿ ಮುಂದ ನಿಂದರ್ತಾರ. ಹೊಟ್ಟಿ ತುಂಬಿದ ಮನಷ್ಯಾ ಪಾವ್ ಕಿಲೋ ಖಾರಾ ಕಟ್ಟಿಸ್ಕೊಳ್ತಾನೇನು?’

‘ನೀ ಸುಮ್ಮ ಕುಂದರ. ಉಣ್ರಿ ಅಂತ ಹೇಳಿದವರ ಮುಂದ ಹೊಟ್ಟಿ ತುಂಬಿಲ್ಲ ಅನ್ನೂದು ರೀತಿ ಏನು?’

ಇದು ನಮ್ಮ ಕಡೆ ಹುಟ್ಟಿದ ಎಲ್ಲರಿಗೂ ಗೊತ್ತಿರುವ ರೀತಿ. ಯಾರ ಮನೆಗೆ ಹೋದರೂ ‘ಊಟ ಆತೇನ್ರಿ’ ಎಂದರೆ ‘ಆತ್ರಿ’, ‘ಹೊಟ್ಟಿ ತುಂಬ್ತೇನ್ರಿ’ ಎಂದರೆ ‘ತುಂಬ್ತ್ರಿ’. ತುಂಬಲಿಲ್ಲ ಎಂದರೆ ಬಡಿಸಿದವರ ಮುಖಕ್ಕೆ ಹೊಡೆದ ಹಾಗೆ. ನಾನು ಹಿರೇಕೆರೂರಿನವಳು, ಈ ರೀತಿಯಲ್ಲೇ ಬೆಳೆದವಳು. ಆದರೂ ನಾಲ್ಕು ತಾಲ್ಲೂಕಿನ ಕಾರ್ಡುಗಳಲ್ಲಿ ಐದು, ಐದು, ಐದು ಎಂದು ಬರೆಯುತ್ತ ಹೋದೆ. ಸಾಹೇಬರು ಅದನ್ನು ಕೂಡಿಸಿ ‘ಹಾಳೆಯಿಂದ ಎಲ್ಲರೂ ತೃಪ್ತರು’ ಎಂದು ವರದಿ ಮಾಡಿದರು. ಆ ಮೇಲೆ ಯಾರಾದರೂ ಹಸಿವು ಎಂದರೆ ಅದು ಹಸಿವಲ್ಲ, ಬಾಯಿಚಪಲ. ಹೊಸ ಹುಡುಗಿಯರು ತಮ್ಮ ಮೊಬೈಲಿನ ಆ್ಯಪ್ ತೋರಿಸಿದರು. ಅಲ್ಲಿ ‘ತೃಪ್ತಿ ಮಟ್ಟ’ ಎಂದು ಐದು ನಗುಮುಖಗಳಿವೆ. ನನ್ನ ಮೂರ್ಖತನಕ್ಕೆ ಈಗ ಬಣ್ಣ ಬಂದಿದೆ, ಅಷ್ಟೆ.

ಫಕ್ಕೀರವ್ವ ನನ್ನಲ್ಲಿಗೆ ಬಂದದ್ದು ದೀಪಾವಳಿ ಮುಗಿದ ವಾರ. ಐವತ್ತರ ಆಸುಪಾಸು. ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸ. ಮೊರದಲ್ಲಿ ಅಕ್ಕಿ ಹರವಿ ಹರಳು, ನೆಲ್ಲು ಆರಿಸಿ ತೆಗೆಯಬೇಕು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನ ಶಿಬಿರದ ಡಾಕ್ಟರು, ‘ಬಲಗಣ್ಣಿನ ಪೊರೆ ಬಲಿತಿದೆ, ತಡ ಮಾಡಬೇಡಿ. ಆದರೆ ಸಕ್ಕರೆ ಇಷ್ಟಿದ್ದಾಗ ಆಪರೇಷನ್ ಮಾಡುವುದಿಲ್ಲ, ಇಳಿಸಿಕೊಂಡು ಮುಂದಿನ ಶಿಬಿರಕ್ಕೆ ಬನ್ನಿ’ ಎಂದು ನಮ್ಮಲ್ಲಿಗೆ ಕಳುಹಿಸಿದ್ದರು.

‘ಅಕ್ಕಾರ, ಹರಳು ಯಾವುದು ಅಕ್ಕಿ ಯಾವುದು ಗೊತ್ತಾಗವಲ್ದು’ ಎಂದರು. ‘ಬೆರಳಿಲೆ ನೋಡಾಕತ್ತೇನ್ರಿ. ಕೆಲಸಾ ನೋಡ್ಕೊಳ್ಳೂ ಮುಕಾದಮ ಇನ್ನೂ ಏನೂ ಅಂದಿಲ್ಲ. ಆಂವ ಅನ್ನೂದ್ರಾಗ ಕಣ್ಣ ಮಾಡಿಸ್ಕೊಂಡಬಿಡ್ತೇನಿ.’

ಜೊತೆಗೆ ಅವರ ಮೈದುನನ ಹೆಂಡತಿ ಗಂಗವ್ವ ಬಂದಿದ್ದರು. ಅವರಿಗೂ ಸಕ್ಕರೆ. ಇಬ್ಬರಿಗೂ ಅದೇ ಮಾತ್ರೆ. ಒಂದೇ ಮನೆ, ಒಂದೇ ಗಿರಣಿ, ಪಕ್ಕಪಕ್ಕದಲ್ಲಿ ಮೊರ ಹಿಡಿದು ಕೂರುವವರು. ಇಬ್ಬರಿಗೂ ಒಂದೇ ಹಾಳೆ ಕೊಟ್ಟೆ. ಮೂರು ತಿಂಗಳಲ್ಲಿ ಗಂಗವ್ವನ ಸಕ್ಕರೆ ಚೆನ್ನಾಗಿ ಇಳಿಯಿತು. ಫಕ್ಕೀರವ್ವನದು ಇದ್ದಲ್ಲೇ ಇತ್ತು. ಹೊಟ್ಟೆ ತುಂಬಿತೇ ಎಂಬ ಖಾನೆಯಲ್ಲಿ ಇಬ್ಬರದೂ ಐದು.

ಎರಡನೆಯ ಶಿಬಿರಕ್ಕೆ ಒಂದು ವಾರ ಇತ್ತು. ಆ ಸೋಮವಾರ ಹಾನಗಲ್ಲಿನ ಕೋಣೆ ತುಂಬ ಜನ, ಹೆಚ್ಚಿನವರು ಅಕ್ಕಿಆಲೂರಿನವರೇ. ನಾನು ಚರ್ಚೆಗೆ ನಿಂತೆ.

‘ಯವ್ವಾ, ನಿಮ್ಮ ಮನಿಯಾಗ ಒಲಿ ಎಷ್ಟು?’

‘ಒಂದರೀ.’

‘ಗಡಗಿ?’

‘ಅದೂ ಒಂದರೀ.’

‘ಗಂಗವ್ವ ಏನ್ ಉಂಡ್ರು?’

‘ನಾ ಉಂಡದ್ದ ಉಂಡ್ಳರಿ.’

‘ಕೆಲಸಾ?’

‘ನನ್ನ ಬಾಜೂಕ ಕುಂದರ್ತಾಳ್ರಿ.’

‘ಹಂಗಾರ ಅವರ ಸಕ್ಕರಿ ಇಳೀತು, ನಿಮ್ಮದು ಯಾಕ ಇಳೀಲಿಲ್ಲ? ನೀವು ಕದ್ದು ತಿನ್ನಾಕತ್ತೀರಿ ಅಂತ ಅರ್ಥ.’

‘ನಾ ಕದ್ದು ಏನೂ ತಿಂದಿಲ್ಲರಿ, ಅಕ್ಕಾರ.’

‘ಮತ್ತ ಸಕ್ಕರಿ ಮುಗಲಿನಿಂದ ಸುರೀತೇನ್ರಿ?’

ಸಾಲಿನಲ್ಲಿದ್ದವರು ನಕ್ಕರು. ಗೆದ್ದಾಗ ಬರುವ ನಗು ಅದು, ನನಗೆ ಅದರ ಪರಿಚಯ ಚೆನ್ನಾಗಿತ್ತು. ಕೆಂಪು ಪೆನ್ನು ತೆಗೆದು ಕಾರ್ಡಿನ ಮೇಲೆ ಶರಾ ಬರೆದೆ: ಪಾಲನೆ ಇಲ್ಲ.

ಈ ತರ್ಕದಲ್ಲಿ ತಪ್ಪೆಲ್ಲಿದೆ ಎಂದು ಕಾಲೇಜಿನ ಹುಡುಗಿಯೂ ಹೇಳಬಲ್ಲಳು. ಒಲೆ ಒಂದು, ಗಡಿಗೆ ಒಂದು, ಕೆಲಸ ಒಂದು ಎಂದು ಸಾಬೀತು ಮಾಡಿದೆ. ಹೊಟ್ಟೆ ಒಂದು ಎಂದು ಸಾಬೀತು ಮಾಡಲಿಲ್ಲ. ಅದನ್ನು ಮಾತ್ರ ಇದ್ದದ್ದೇ ಎಂದು ಹಿಡಿದುಕೊಂಡು ಉಳಿದದ್ದನ್ನೆಲ್ಲ ಅದರ ಮೇಲೆ ಕಟ್ಟಿದೆ.

ಶಿಬಿರದಲ್ಲಿ ಬೇರೊಬ್ಬ ಡಾಕ್ಟರು ಕಾರ್ಡು ನೋಡಿದರು. ಸಕ್ಕರೆ ಇಳಿದಿಲ್ಲ, ಮೇಲೆ ಕೆಂಪು ಶರಾ. ಹೇಳಿದ ಪಥ್ಯ ಮಾಡದವರ ಗಾಯ ಮಾಯುವುದಿಲ್ಲ ಎಂದು ಫಕ್ಕೀರವ್ವನ ಹೆಸರನ್ನು ಪಟ್ಟಿಯಿಂದಲೇ ತೆಗೆದರು. ಕಾರ್ಡಿನ ಮೇಲೆ ಆ ಶರಾ ಇರುವ ತನಕ ಶಿಬಿರಕ್ಕೆ ಕರೆಯುವುದಿಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಾನು ಬರೆದದ್ದನ್ನು ನಂಬಿದರು.

ನಾಲ್ಕು ದಿನ ಬಿಟ್ಟು ಗಂಗವ್ವ ಒಬ್ಬರೇ ಬಂದರು. ಕೂರಿ ಎಂದರೆ ಕೂರಲಿಲ್ಲ.

‘ನನ್ನ ಹೆಸರು ತಗೊಂಡು ನಮ್ಮಕ್ಕನ್ನ ಕಳ್ಳಿ ಮಾಡಿದ್ರಂತ?’

‘ಕಳ್ಳಿ ಅಂದಿಲ್ರಿ, ಕದ್ದು ತಿಂತಾರ ಅಂದೆ.’

‘ಶಾಣ್ಯಾರದ್ದು ಭಾಳ ಬಾರೀಕ ಮಾತು. ಗಿರಣ್ಯಾಗ ಈಗ ಎಲ್ಲಾರೂ ಆಕಿಗೆ ಕದ್ದ ತಿನ್ನೂ ಫಕ್ಕೀರವ್ವ ಅನ್ನಾಕತ್ತಾರ. ಕೇಳ್ರಿ ಇಲ್ಲೆ. ಆ ಕಾಳು ತಿಂದ್ರ ನನಗ ಮಧ್ಯಾಹ್ನತನಾ ಹೊಟ್ಟಿ ನೆನಪ ಬರೂದಿಲ್ಲ. ಆಕಿಗೆ ಹತ್ತ ಹೊಡೀತಂದ್ರ ಕೈ ನಡಗ್ತಾವ. ನಾ ಕಣ್ಣಿಲೆ ಕಂಡೇನಿ. ನೀವು ಬಂದು ನೋಡೀರೇನು?’

ನೋಡಿರಲಿಲ್ಲ. ಒಂಬತ್ತು ವರ್ಷದ ಕೆಲಸದಲ್ಲಿ ಆಗ ಎಂಟನೆಯ ವರ್ಷ. ಯಾರೊಬ್ಬರ ಕೆಲಸದ ಜಾಗಕ್ಕೂ ನಾನು ಹೋಗಿರಲಿಲ್ಲ. ಹೋಗಲು ಹಾಳೆಯಲ್ಲಿ ಖಾನೆ ಇರಲಿಲ್ಲ.

ಮರುದಿನ ರಜೆ ಹಾಕಿ ಗಿರಣಿಗೆ ಹೋದೆ. ಎಂಟು ಹೆಂಗಸರು ಸಾಲಾಗಿ ಕೂತು ಮೊರ ಆಡಿಸುತ್ತಿದ್ದರು. ನಾನು ಕಂಬಕ್ಕೊರಗಿ ಕೂತೆ. ಹತ್ತು ಗಂಟೆಗೆ ಹಾನಗಲ್ಲ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಅದಕ್ಕೂ ಮುಂಚೆಯೇ ಫಕ್ಕೀರವ್ವನ ಕೈ ಮೊರದಿಂದ ಬಾಯಿಗೆ ಹೋಯಿತು. ಐದು ನಿಮಿಷ ಬಿಟ್ಟು ಮತ್ತೆ. ಮತ್ತೆ.

‘ಯವ್ವಾ, ಬಾಯಾಗ ಏನೈತ್ರಿ?’

‘ಅಕ್ಕಿರಿ.’

‘ಇದನ್ನ ನನಗ ಯಾಕ ಹೇಳಲಿಲ್ಲ?’

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ‘ಏನ್ ಹೇಳೂದ್ರಿ? ಅಕ್ಕಿ ಒಣಗೇತೋ ಇಲ್ಲೋ ನೋಡೂದು. ಕಡಿದ್ರ ಕಟ್ ಅನಬೇಕು. ಎಲ್ಲಾರೂ ನೋಡ್ತಾರ.’

‘ದಿನಕ್ಕ ಎಷ್ಟ ಸಲ ನೋಡ್ತೀರಿ?’

‘ಹಸಿವಾದಾಗೆಲ್ಲ ನೋಡ್ತೇನ್ರಿ.’

ಪಕ್ಕದವರು ಮೊರ ಕೆಳಗಿಟ್ಟು ನಕ್ಕರು. ಫಕ್ಕೀರವ್ವ ನಗಲಿಲ್ಲ. ‘ನೀವು ಊಟಕ್ಕ ಏನ್ ತಿಂದ್ರಿ ಅಂತ ಕೇಳ್ತಿದ್ರಿ. ಊಟ ಅಂದ್ರ ತಾಟಿನ್ಯಾಗ ಹಾಕ್ಕೊಂಡದ್ದು. ಅದನ್ನ ನಾ ಒಂದೂ ಬಿಡದ ಹೇಳೇನಿ’ ಎಂದರು.

ಹೇಳಿದ್ದರು. ಒಂದು ಸುಳ್ಳೂ ಇರಲಿಲ್ಲ. ಹಸಿ ಅಕ್ಕಿ ಅವರ ಲೆಕ್ಕದಲ್ಲಿ ಕೆಲಸ, ಆಹಾರವಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿ ಹಿಡಿಯಾಗಿ ಎಷ್ಟು ಒಳಗೆ ಹೋಗುತ್ತದೆ ಎಂದು ನೋಡಿದೆ. ನಮ್ಮ ಹಾಳೆ ಅಡ್ಡಗೆರೆ ಎಳೆದ ಅನ್ನಕ್ಕಿಂತ ಅದು ಕಡಿಮೆ ಇರಲಿಲ್ಲ. ಪಕ್ಕದ ಗಂಗವ್ವ ಬೆಳಗಿನಿಂದ ಒಂದು ಚಿಟಿಕೆ ಕಡಿದು ನೋಡಿದ್ದರು, ಮುಗಿಯಿತು.

ಮಾತ್ರೆ ಬರೆದ ಡಾಕ್ಟರಿಗೆ ಮೊದಲು ಫೋನು ಮಾಡಿ ಎಲ್ಲ ಹೇಳಿದೆ. ಕೈ ನಡುಗುವ ಮಾತನ್ನೂ ಹೇಳಿದೆ, ಏಕೆಂದರೆ ಕೆಲವು ಮಾತ್ರೆಗಳೂ ಹಸಿವು ತರಿಸುತ್ತವೆ. ನಡುಗಿದಾಗ ಸಕ್ಕರೆ ನೋಡು ಎಂದರು. ನೋಡಿದೆ, ಕುಸಿದಿರಲಿಲ್ಲ. ಹಾಗಾದರೆ ಊಟ ಬದಲಿಸಿ ನೋಡು, ವಾರಕ್ಕೆರಡು ಸಲ ರಕ್ತ ನೋಡುತ್ತಿರು ಎಂದರು. ಮೂರು ವಾರ ನೋಡಿದೆ. ಇಬ್ಬರಿಗೂ ಒಂದೇ ಗಡಿಗೆಯದು, ಆದರೆ ವಾರಕ್ಕೊಂದು ಬಗೆಯ ಬೆಳಗಿನ ಊಟ. ಹೊಟ್ಟೆ ತುಂಬಿತೇ ಎಂದು ಒಮ್ಮೆಯೂ ಕೇಳಲಿಲ್ಲ. ‘ಮೊದಲನೇ ಹಿಡಿ ಬಾಯಿಗೆ ಹಾಕ್ಕೊಂಡದ್ದು ಹಾನಗಲ್ಲ ಬಸ್ ಬರೂದಕ್ಕ ಮೊದಲೋ ಆಮ್ಯಾಲೋ?’ ಎಂದು ಕೇಳಿದೆ. ಈ ಪ್ರಶ್ನೆಗೆ ಸೌಜನ್ಯದ ಉತ್ತರ ಇಲ್ಲ. ಬಸ್ಸು ಯಾರ ಮನೆಯ ಬೀಗರೂ ಅಲ್ಲ.

ಮೊದಲ ವಾರ ಹಾಳೆಯ ಮೊಳಕೆ ಕಾಳೇ. ಫಕ್ಕೀರವ್ವನ ಮೊದಲ ಹಿಡಿ ಬಸ್ಸಿಗೆ ಮೊದಲು. ಗಂಗವ್ವನಿಗೆ ಮಧ್ಯಾಹ್ನದ ತನಕ ಹಸಿವಿಲ್ಲ. ಎರಡನೆಯ ವಾರ ಎರಡು ಮೊಟ್ಟೆ, ಅರ್ಧ ರೊಟ್ಟಿ. ಗಂಗವ್ವ ಮಧ್ಯಾಹ್ನದ ಬುತ್ತಿಯನ್ನೇ ಅರ್ಧ ಉಳಿಸಿದರು. ಫಕ್ಕೀರವ್ವ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಅಕ್ಕಿಗೆ ಕೈ ಹಾಕಿದರು. ಮೂರನೆಯ ವಾರ ಏನು ಮಾಡಲಿ ಎಂದು ಅವರನ್ನೇ ಕೇಳಿದೆ. ‘ನಮ್ಮವ್ವ ಕಳೆ ತಗ್ಯಾಕ ಹೋಗೂಮುಂದ ಜ್ವಾಳದ ನುಚ್ಚು, ಮಜ್ಜಿಗಿ ಉಂಡು ಹೋಗಾಕಿರಿ’ ಎಂದರು. ಅಳತೆ ಮಾಡಿ ಒಂದು ಬಟ್ಟಲು ನುಚ್ಚು, ಮಜ್ಜಿಗೆ, ಎರಡು ಚಮಚ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

ಬಸ್ಸು ಬಂತು, ಹೋಯಿತು. ಹನ್ನೆರಡಾಯಿತು. ಫಕ್ಕೀರವ್ವನ ಕೈ ಮೊರದಲ್ಲೇ ಇತ್ತು. ಅಕ್ಕಿ ನೋಡಲಿಲ್ಲವೇ ಎಂದರೆ, ‘ಅಯ್ಯ, ನೆನಪ ಬರಲಿಲ್ರಿ’ ಎಂದರು. ಆ ಕಡೆ ಗಂಗವ್ವ ಮುಖ ಗಂಟಿಕ್ಕಿ ಕೂತಿದ್ದರು. ‘ನಿಮ್ಮ ನುಚ್ಚು ನನಗ ಬ್ಯಾಡ್ರಿ. ಹತ್ತಕ್ಕ ಚಾದಂಗಡಿ ಕಡೆ ನೋಡಾಕತ್ತೇನಿ.’

ಪಿಷ್ಟ ಬೇಗ ಹಸಿವು ತರುತ್ತದೆ, ಪ್ರೋಟೀನ್ ಹಿಡಿದಿಡುತ್ತದೆ ಎಂಬ ಪುಸ್ತಕದ ಮಾತು ಒಂದೇ ಮನೆಯ ಒಬ್ಬರಲ್ಲಿ ನಿಜವಾಯಿತು, ಇನ್ನೊಬ್ಬರಲ್ಲಿ ತಲೆಕೆಳಗಾಯಿತು. ಯಾಕೆ ಎಂದು ಕೇಳಬೇಡಿ. ನುಚ್ಚಿನ ನೀರೋ, ಗಾತ್ರವೋ, ಶೇಂಗಾದ ಜಿಡ್ಡೋ, ಚಿಕ್ಕಂದಿನ ರೂಢಿಯೋ ನನಗೆ ಗೊತ್ತಿಲ್ಲ. ಒಬ್ಬ ಹೆಂಗಸು, ಮೂರು ವಾರ. ಇದರಿಂದ ನುಚ್ಚು ಸಕ್ಕರೆಗೆ ಔಷಧ ಎಂದು ಯಾರಾದರೂ ಹಾಳೆ ಅಚ್ಚು ಹಾಕಿಸಿದರೆ ಮೊದಲು ಅದನ್ನು ಹರಿಯುವವಳು ನಾನೇ. ಬೇರೆ ಬೇರೆ ಹೊಟ್ಟೆ ಬೇರೆ ಬೇರೆಯಾಗಿ ತುಂಬುತ್ತದೆ, ಅದನ್ನು ನೋಡಿಯೇ ತಿಳಿಯಬೇಕು. ನನಗೆ ಸಿಕ್ಕದ್ದು ಇಷ್ಟೇ.

ಈ ಮಾತನ್ನು ಹಿಡಿದು ಅಂಗಡಿ ತೆರೆದವರೂ ಇದ್ದಾರೆ, ಎಚ್ಚರ. ತಡಸದ ಒಬ್ಬ ಮಾಸ್ತರರು ಶಿಗ್ಗಾವಿಯ ಕೋಣೆಗೆ ಒಂದು ಪುಡಿಯ ಡಬ್ಬಿ ಹಿಡಿದು ಬಂದರು. ‘ಪ್ರತಿಯೊಬ್ಬರ ದೇಹಾನೂ ಬ್ಯಾರೆ ಅಂತ್ರಿ, ಅದಕ್ಕ ನನಗಂತ ಬ್ಯಾರೆ ಪೌಡರ್ ಕೊಟ್ಟಾರ.’ ಅವರ ಹಿಂದೆ ಬಂದ ಇನ್ನೊಬ್ಬರ ಕೈಯಲ್ಲೂ ಡಬ್ಬಿ. ಎರಡನ್ನೂ ಮೇಜಿನ ಮೇಲಿಟ್ಟು ಓದಿದೆವು. ಒಳಗಿನದು ಒಂದೇ, ಚೀಟಿಯ ಬಣ್ಣ ಬೇರೆ. ‘ಕುಡದ ಅರ್ಧಾ ತಾಸಿಗೆ ಎರಡ ಮಿರ್ಚಿ ಬೇಕ ಆಗ್ತಾವ್ರಿ’ ಎಂದು ಮಾಸ್ತರರೇ ಒಪ್ಪಿಕೊಂಡರು. ಎಲ್ಲರೂ ಒಂದೇ ಎನ್ನುವವನು ಸೋಮಾರಿ. ನೀವು ಬೇರೆ ಎಂದು ಹೇಳಿ ಎಲ್ಲರಿಗೂ ಒಂದನ್ನೇ ಮಾರುವವನು ಠಕ್ಕ.

ಫಕ್ಕೀರವ್ವನ ಮಾತಿಗೆ ಬರುತ್ತೇನೆ. ನುಚ್ಚು ಮುಂದುವರಿಸಿದ ಒಂದು ತಿಂಗಳಿಗೆ ಹಸಿ ಅಕ್ಕಿ ನಿಂತಿತ್ತು, ಸಕ್ಕರೆಯೂ ಡಾಕ್ಟರು ಕೇಳಿದ ಮಟ್ಟಕ್ಕೆ ಇಳಿದಿತ್ತು. ಬಲಗಣ್ಣು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಇನ್ನು ಉಳಿದದ್ದು ಆ ಕೆಂಪು ಶರಾ ಒಂದೇ. ಶುಕ್ರವಾರದ ಮೀಟಿಂಗಿನಲ್ಲಿ ಕಾರ್ಡು ಸಾಹೇಬರ ಮುಂದಿಟ್ಟೆ.

‘ಮೊಳಕಿ ಕಾಳು ತಿನ್ನಿಸ್ರಿ ಅಂತ ಛಾಪಿಸಿ ಕೊಟ್ಟೇವಿ. ನೀವು ನುಚ್ಚು ಉಣ್ಣಿಸ್ತೀರಿ’ ಎಂದರು.

‘ಸಕ್ಕರಿ ಇಳದೈತಿ ನೋಡ್ರಿ, ಸರ.’

‘ಇಳೀಲಿ, ಸಂತೋಷ. ಒಬ್ಬೊಬ್ಬರಿಗೆ ಒಂದೊಂದು ಹಾಳಿ ಅಂದ್ರ ನಾಲ್ಕು ತಾಲ್ಲೂಕಿಗೆ ಎಷ್ಟಾಗ್ತಾವ? ನೋಡಾಕ ಯಾರದಾರ? ನೀವ ಒಬ್ಬರು.’

ಈ ಮಾತಿನಲ್ಲಿ ನ್ಯಾಯವಿತ್ತು, ಇವತ್ತಿಗೂ ಒಪ್ಪುತ್ತೇನೆ. ಆದರೆ ನಾನು ಕೇಳಿದ್ದು ಅದಲ್ಲ.

‘ಈ ಶರಾ ತಗಸ್ರಿ. ಹುಬ್ಬಳ್ಳಿಯಾಗ ಶಿಬಿರದವರ ದವಾಖಾನ್ಯಾಗ ಈ ವಾರನ ಕಣ್ಣ ಮಾಡಿಸಬಹುದು. ತಡಾ ಆದ್ರ ಕಣ್ಣಿಗೆ ಧೋಕಾ ಐತಂತ.’

‘ಬರದ ಶರಾ ಹೊಡದ ಹಾಕೂ ಪದ್ಧತಿ ಇಲ್ಲ. ಅರ್ಜಿ ಬರೀರಿ, ಕಮಿಟಿ ಮುಂದ ಇಡೂಣು.’

ನನ್ನ ಒಂಬತ್ತು ವರ್ಷದ ಅತಿ ದೊಡ್ಡ ತಪ್ಪು ಇದರ ಮುಂದಿನದು. ನಾನು ಅರ್ಜಿ ಬರೆದೆ. ಏಳು ಪುಟ. ಸರಾಸರಿಯ ಬಗ್ಗೆ, ವ್ಯಕ್ತಿವ್ಯಕ್ತಿಗೆ ಬೇರೆಯಾಗುವ ಹಸಿವಿನ ಬಗ್ಗೆ, ಐದು ಅಂಕದ ಖಾನೆಯ ಮೂರ್ಖತನದ ಬಗ್ಗೆ. ಒಂದೊಂದು ವಾಕ್ಯವೂ ಕತ್ತಿ. ಸಾಹೇಬರು ಅದಕ್ಕೆ ಆಧಾರ ಕೇಳಿ ಪತ್ರ ಬರೆದರು. ನಾನು ಉತ್ತರ ಬರೆದೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಬರೆದೆ. ಒಳ್ಳೆಯ ಚರ್ಚೆ ನಡೆದಿತ್ತು, ನಾನು ಗೆಲ್ಲುತ್ತಿದ್ದೆ. ಮೂರು ವಾರ ಹಾಗೆ ಹೋಯಿತು. ಆ ಮೂರು ವಾರವೂ ಫಕ್ಕೀರವ್ವನ ಕಾರ್ಡು ನನ್ನ ಚೀಲದಲ್ಲೇ ಇತ್ತು. ಶರಾ ಬರೆದ ಕೈ ನನ್ನದು, ಪೆನ್ನು ನನ್ನದು. ಒಂದು ಗೆರೆ ಎಳೆದು, ಕೆಳಗೆ ಸಹಿ ಮಾಡಿ, ಅವರನ್ನು ಬಸ್ಸು ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ನನಗೆ ಸಾಹೇಬರ ಬಾಯಿಂದಲೇ ತಪ್ಪು ಒಪ್ಪಿಸಬೇಕಿತ್ತು.

ನಾಲ್ಕನೆಯ ವಾರ, ಒಂದು ಬೆಳಿಗ್ಗೆ ಗಂಗವ್ವ ಫೋನು ಮಾಡಿದರು. ‘ಅಕ್ಕಗ ನಿನ್ನಿಯಿಂದ ತಲಿ ಸಿಡ್ಯಾಕತ್ತೈತಿ. ಕಣ್ಣು ಕೆಂಡ ಆಗೇತಿ. ವಾಂತಿ ಮಾಡಾಕತ್ತಾಳ.’ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಕಣ್ಣಿನ ಡಾಕ್ಟರು ನೋಡಿದರು. ಬಲಿತ ಪೊರೆ ಕಣ್ಣಿನೊಳಗೇ ಊದಿ ಒತ್ತಡ ಏರಿದೆ, ನರ ಸತ್ತಿದೆ, ಇನ್ನು ಆ ಕಣ್ಣಿಗೆ ದೃಷ್ಟಿ ಇಲ್ಲ ಎಂದರು. ಮೊದಲೇ ತೆಗೆಸಿದ್ದರೆ ಎಂದು ಆರಂಭಿಸಿ ನಮ್ಮ ಮುಖ ನೋಡಿ ನಿಲ್ಲಿಸಿದರು.

ಅಲ್ಲೇ ಬೆಂಚಿನ ಮೇಲೆ ಕೂತು ಕಾರ್ಡು ತೆಗೆದೆ. ಶರಾ ಹೊಡೆದು ಹಾಕಿ ಬರೆದೆ: ‘ಇದು ಸುಳ್ಳು. ಇವರು ಹೇಳಿದ್ದೆಲ್ಲ ಮಾಡಿದ್ದಾರೆ. ತಪ್ಪು ಸಲಹೆಗಾರ್ತಿಯದು.’ ಸಹಿ ಹಾಕಿದೆ. ಅರ್ಧ ನಿಮಿಷ ಹಿಡಿಯಿತು. ಆ ವಾರವೇ ಎಡಗಣ್ಣಿನ ಆಪರೇಷನ್ ಆಯಿತು, ಚೆನ್ನಾಗಿ ಆಯಿತು. ನನ್ನ ಏಳು ಪುಟದ ಅರ್ಜಿ ಏನಾಯಿತು ಎಂದು ಸಾಹೇಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಿಂಗಳು ಕಳೆದು ಅವರ ಮನೆಗೆ ಹೋದೆ. ಫಕ್ಕೀರವ್ವ ಕಟ್ಟೆಯ ಮೇಲೆ ಕೂತು ಒಂದು ಕಣ್ಣಿನಿಂದ ಶೇಂಗಾಕಾಯಿ ಸುಲಿಯುತ್ತಿದ್ದರು. ಕ್ಷಮಿಸಿ ಎಂದೆ.

‘ಕ್ಷಮಾ ತಗೊಂಡು ನಾ ಏನ್ ಮಾಡ್ಲೆ? ಕಾರ್ಡಿನ್ಯಾಗ ಈಗ ಏನ್ ಬರದೀರಿ, ಓದ್ರಿ.’

ಓದಿದೆ. ಅವರು ಕಾಳು ಸುಲಿಯುವುದು ನಿಲ್ಲಿಸಲಿಲ್ಲ.

‘ಇಲ್ಲಿ ಓದಿದ್ರ ನಾ ಒಬ್ಬಾಕಿ ಕೇಳಿದೆ. ನೀವು ಕದ್ದು ತಿಂತಾಳ ಅಂದದ್ದು ಮಂದಿ ಮುಂದ. ಸೋಮವಾರ ನಾ ಕೆಲಸಕ್ಕ ಹೊಂಟೇನಿ. ಗಿರಣಿಗೆ ಬಂದು ಓದ್ರಿ.’

ಆ ಸೋಮವಾರ ಹಾನಗಲ್ಲಿನ ಕೋಣೆಗೆ ಬೀಗ ಹಾಕಿ ಗಿರಣಿಗೆ ಹೋದೆ. ಎಂಟೂ ಹೆಂಗಸರು ಸಾಲಾಗಿ ಕೂತಿದ್ದರು. ಹಿಂದೆ ಯಂತ್ರ ಓಡುತ್ತಿತ್ತು. ಕಾರ್ಡು ಹಿಡಿದು ಓದಿದೆ.

ಕೊನೆಯಲ್ಲಿ ಕೂತವರು ಕಿವಿಗೆ ಕೈ ಹಚ್ಚಿದರು. ‘ಏನಂದ್ರಿ? ಮಿಷನ್ ಸಪ್ಪಳದಾಗ ಕೇಳವಲ್ದು.’

ದನಿ ಎತ್ತಿ ಮತ್ತೆ ಓದಿದೆ. ಫಕ್ಕೀರವ್ವ ಕದ್ದು ತಿಂದಿಲ್ಲ, ತಪ್ಪು ನನ್ನದು ಎಂದು ಬಾಯಿಮಾತಿನಲ್ಲೂ ಹೇಳಿದೆ. ಯಾರೂ ನಗಲಿಲ್ಲ. ಮೊರಗಳು ಆಡುತ್ತಲೇ ಇದ್ದವು. ಆಗ ಅದೇ ಹೆಂಗಸು ಮೊರ ನಿಲ್ಲಿಸಿ ಕೇಳಿದರು:

‘ಮತ್ತ ಕಣ್ಣು?’

ಹತ್ತು ನಿಮಿಷದಲ್ಲಿ ಯಾವ ವಿಷಯಕ್ಕೂ ತಯಾರಾಗುತ್ತಿದ್ದ ನಾನು ಕಾರ್ಡು ತಿರುವಿ ಅದರ ಹಿಂಬದಿ ನೋಡಿದೆ. ಫಕ್ಕೀರವ್ವ ತಲೆ ಎತ್ತದೆ, ಬೆರಳು ಅಕ್ಕಿಯ ಮೇಲೆ ಆಡಿಸುತ್ತಲೇ ಹೇಳಿದರು: ‘ಕೇಳಾಕತ್ತಾಳಲ್ರಿ. ಹೇಳ್ರಿ ಆಕಿಗೆ.’

‘ನನ್ನಿಂದ ಹೋತು’ ಎಂದೆ.

ಅದನ್ನೂ ಎರಡು ಸಲ ಹೇಳಬೇಕಾಯಿತು. ಯಂತ್ರ ನಿಂತಿರಲಿಲ್ಲ.